ಪೂಜೆಯ ಮೂರು ಗಂಟೆ

ಓದುಗರ ಪತ್ರ: ‘ನಿವೃತ್ತನಾಗಿ ನಾಲ್ಕು ವರ್ಷ ಆಯಿತು. ದಿನಾ ಬೆಳಗ್ಗೆ ಮೂರು ಗಂಟೆ ಪೂಜೆ, ಜಪ. ಅಷ್ಟು ಹೊತ್ತು ನಾಲ್ಕು ಜನಕ್ಕೆ ಉಪಯೋಗ ಆಗೋ ಕೆಲಸ ಮಾಡಬಾರದಾ ಅಂತ ನಮ್ಮ ಮನೆಯವರು ಕೇಳುತ್ತಾರೆ. ದೇವರನ್ನು ಸೇರಲು ಭಕ್ತಿ ಒಂದೇ ಸಾಲದೇ?’
– ಓದುಗರೊಬ್ಬರು, ದಾವಣಗೆರೆ

ಸಂಪಾದಕರ ಉತ್ತರ: ಮೊದಲು ನಿಮ್ಮ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಭಕ್ತಿ ಸಾಲದು ಎನ್ನುವ ಧೈರ್ಯ ನನಗಿಲ್ಲ. ಅಕ್ಕಮಹಾದೇವಿ ಚೆನ್ನಮಲ್ಲಿಕಾರ್ಜುನನನ್ನು ಹುಡುಕಿಕೊಂಡು ಶ್ರೀಶೈಲಕ್ಕೇ ಹೋದಳು. ಆದರೆ ನಾವು ನೀವು ಅಕ್ಕ ಅಲ್ಲ, ಅಲ್ವಾ?

ನನಗೆ ಹತ್ತಿರದವನು ಆಯ್ದಕ್ಕಿ ಮಾರಯ್ಯ. 12ನೇ ಶತಮಾನದ ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ತಂದು, ಅದರಲ್ಲೇ ಜಂಗಮರಿಗೆ ಉಣ್ಣಿಸಿದವನು. ‘ಕಾಯಕವೇ ಕೈಲಾಸ’ ಅವನ ವಚನದ ಮಾತು. ಬಸವಣ್ಣನವರದು ಅಂತ ವೇದಿಕೆಗಳಲ್ಲಿ ಹೇಳುವುದನ್ನು ಕೇಳಿ ಕೇಳಿ ನನಗೆ ಬೇಸರವಾಗಿದೆ. ಆ ವಚನ ಪೂರ್ತಿ ಓದಿದವರು ಕಡಿಮೆ. ಕಾಯಕದಲ್ಲಿ ಮುಳುಗಿದ್ದಾಗ ಗುರು ಬಂದರೂ ಮರೆಯಬೇಕು, ಲಿಂಗಪೂಜೆಯನ್ನೂ ಮರೆಯಬೇಕು ಎನ್ನುತ್ತಾನೆ ಮಾರಯ್ಯ! ಒಂದು ದಿನ ಅವನು ಜಾಸ್ತಿ ಅಕ್ಕಿ ತಂದ. ಇಷ್ಟು ನಮಗೆ ಬೇಡ, ತಂದಲ್ಲೇ ಸುರಿದು ಬನ್ನಿ ಎಂದಳು ಹೆಂಡತಿ ಲಕ್ಕಮ್ಮ. ನಿಮ್ಮ ಪತ್ರ ಓದುವಾಗ ನನಗೆ ನೆನಪಾದದ್ದು ಈ ಲಕ್ಕಮ್ಮನೇ.

ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ಇಷ್ಟಲಿಂಗ ಪೂಜೆ ಬಿಟ್ಟವರಲ್ಲ. ಪೂಜೆ ಮುಗಿಸಿ ಎದ್ದರೆ ಸಾವಿರಾರು ಮಕ್ಕಳ ಅನ್ನ, ಅಕ್ಷರ, ಆಸರೆಯ ಚಿಂತೆ. 2019ರ ಜನವರಿ 21ರಂದು, 111ರ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಆ ಸುದ್ದಿಯನ್ನು ಹೊರಗೆ ಹೇಳಿದ್ದು ಮಠದ ಮಕ್ಕಳ ಊಟ ಆದ ಮೇಲೆ. ಅದನ್ನು ಕೇಳಿ ನನ್ನ ಕಣ್ಣು ತುಂಬಿತ್ತು. ಲಿಂಗೈಕ್ಯ ಎನ್ನುವ ಪದದ ಅರ್ಥ ನನಗೆ ತಿಳಿದದ್ದೇ ಆವತ್ತು.

ಇನ್ನೊಂದು ಕಡೆ ನೋಡಿ. ಕಳೆದ ತಿಂಗಳು ಒಂದು ಸರ್ಕಾರಿ ಕಚೇರಿಗೆ ಹೋಗಿದ್ದೆ. ಗೋಡೆ ಮೇಲೆ ದೊಡ್ಡಕ್ಷರದಲ್ಲಿ ‘ಕಾಯಕವೇ ಕೈಲಾಸ’. ಪಕ್ಕದಲ್ಲಿ ದೇವರ ಫೋಟೊ, ಮಲ್ಲಿಗೆ ಹಾರ, ಊದಿನಕಡ್ಡಿ. ಪಹಣಿ ತಿದ್ದುಪಡಿಗೆ ಬಂದಿದ್ದ ಅಜ್ಜಿಯೊಬ್ಬರು ಬೆಳಗ್ಗೆಯಿಂದ ನೆಲದ ಮೇಲೆ ಕೂತಿದ್ದರು. ಮಧ್ಯಾಹ್ನ ಸಿಕ್ಕ ಉತ್ತರ, ಸೋಮವಾರ ಬನ್ನಿ. ಅರ್ಜಿಯಲ್ಲಿ ಸರ್ವೆ ನಂಬರ್ ತಪ್ಪಿತ್ತಂತೆ. ಅದನ್ನು ತಿದ್ದಿಕೊಡಲು ಐದು ನಿಮಿಷ ಸಾಕಿತ್ತು. ಊದಿನಕಡ್ಡಿ ಹಚ್ಚಿದ ಕೈಗೆ ಅಷ್ಟು ಪುರುಸೊತ್ತು ಇರಲಿಲ್ಲ.

ಸ್ವಾಮಿ, ನೀವು ಅಕ್ಷರ ಬಲ್ಲವರು. ಪೂಜೆಗೆ ಎರಡು ಗಂಟೆ ಇರಲಿ. ಉಳಿದ ಒಂದು ಗಂಟೆ ನಿಮ್ಮೂರಿನ ತಾಲ್ಲೂಕು ಕಚೇರಿ ಎದುರು ಕೂತು ಅರ್ಜಿ ಬರೆದುಕೊಡಿ. ಸುಮ್ನೆ ಒಂದು ವಾರ ಮಾಡಿ ನೋಡಿ, ಆಮೇಲೆ ನನಗೆ ಮತ್ತೆ ಬರೆಯಿರಿ. ಮನೆಯವರನ್ನೂ ಕರೆದುಕೊಂಡು ಹೋಗಿ.