ಹಸಿರು ಹೆಲ್ಮೆಟ್ಟಿನ ತಾಲೀಮಿಗೆ ಹೋಗ್ಲೇನು ಅಂತ ಕೇಳಿದ ಜಮಖಂಡಿ ತಮ್ಮಗ

ತಮ್ಮಾ, ನಿನ್ನ ಪತ್ರ ಮೊನ್ನೆ ರಾತ್ರಿ ಓದಿದೆ. ಅಮೆರಿಕಾದ ಸ್ಯಾನ್ ಹೊಸೆಗೆ ಬಂದು ಎರಡು ತಿಂಗಳಾತು, ಅಪಾರ್ಟ್‌ಮೆಂಟಿನ ಬಟ್ಟಿ ಒಗಿಯೂ ಕೋಣ್ಯಾಗ ಒಂದು ಚೀಟಿ ಹಚ್ಯಾರ, ವಿಪತ್ತು ಬಂದಾಗ ಓಣಿ ಮಂದಿಗೆ ನೆರವಾಗೂ ತರಬೇತಿ, ಪುಕ್ಕಟೆ, ಶನಿವಾರದಿಂದ ಶುರು ಅಂತ ಐತಿ, ಹೋಗ್ಲೇನು ಅಂತ ಕೇಳಿದಿ. ವೀಸಾಕ್ಕ ತೊಡಕು ಆಗ್ತೈತೇನು, ನಮ್ಮ ಇಂಗ್ಲಿಷ್ ಕೇಳಿ ನಗ್ತಾರೇನು, ಇಲ್ಲೆ ಖರೇನ ಭೂಮಿ ನಡಗ್ತೈತೇನು, ಕಾರು ಈಗ ತಗೊಳ್ಳೂದೋ ಆಮ್ಯಾಲೋ ಅಂತನೂ ಕೇಳಿದಿ. ಕಡೀಕ ಒಂದು ಸಾಲು ಬರದಿದ್ದಿ: ಬಾಜೂ ಮನ್ಯಾಗ ವಯಸ್ಸಾದವರೊಬ್ಬರು ಒಬ್ಬರ ಇರ್ತಾರ, ಅವರ ಆಕ್ಸಿಜನ್ ಮಷೀನಿನ ಸದ್ದಿಗೆ ರಾತ್ರಿ ನಿದ್ದಿ ಬರೂದಿಲ್ಲ ಅಂತ.

ಸಣ್ಣವು ಮೊದಲ ಮುಗಸ್ತೀನಿ. ಕಾರಿಗೆ ಆರು ತಿಂಗಳು ತಡಿ. ಇಂಗ್ಲಿಷ್‌ಗೆ ಯಾರೂ ನಗೂದಿಲ್ಲ. ನಮ್ಮ ತರಗತ್ಯಾಗ ವಿಯೆಟ್ನಾಮಿನವರು, ಮೆಕ್ಸಿಕೋದವರು, ಪಂಜಾಬಿನವರು ಇದ್ರು, ಎಲ್ಲಾರೂ ತಮತಮಗ ಬಂದಂಗ ಮಾತಾಡಿದ್ರು, ಕೆಲಸ ನಡೀತು. ಇದು ಪಗಾರದ ಕೆಲಸ ಅಲ್ಲ, ಆದ್ರೂ ವೀಸಾದ ಮಾತು ನನ್ನ ಬಾಯಿಂದ ಕೇಳಬ್ಯಾಡ. ನಿಮ್ಮ ಕಂಪನಿ ವಕೀಲರಿಗೆ ಮೇಲ್ ಹಾಕಿ ಕೇಳು, ಅವರ ಉತ್ತರ ಜೋಪಾನ ಮಾಡಿ ಇಟ್ಕೋ. ಪರದೇಶದಾಗ ಮಾತಿಗಿಂತ ಕಾಗದ ಕೈಯಾಗ ಇರಬೇಕು.

ಭೂಮಿ ನಡಗ್ತೈತಿ. ನಾನು ಬಂದದ್ದು 2007ರ ಸೆಪ್ಟೆಂಬರ್‌ದಾಗ. ಅಕ್ಟೋಬರ್ 30, ಮಂಗಳವಾರ, ರಾತ್ರಿ 8 ಗಂಟಿ 4 ನಿಮಿಷ. ನಾಕು ಮಂದಿ ಹುಡುಗರು ಒಂದ ಮನ್ಯಾಗ ಇದ್ವಿ, ಅವ್ವ ಕಟ್ಟಿಕೊಟ್ಟ ಶೇಂಗಾ ಚಟ್ನಿ ಡಬ್ಬಿ ನಡುವ ಇಟ್ಟು ಊಟಕ್ಕ ಕುಂತಿದ್ವಿ. ಸ್ಯಾನ್ ಹೊಸೆ ಪೂರ್ವಕ್ಕ ಆಲಮ್ ರಾಕ್ ಕಡೆ ಭೂಕಂಪ ಆತು, 5.6 ಅಂತ ಆಮ್ಯಾಲೆ ಟೀವ್ಯಾಗ ಹೇಳಿದ್ರು. ನಾನು ಬರಿಗಾಲಲೆ ಮೆಟ್ಟಲ ಇಳದು ಬಯಲಿಗೆ ಓಡಿದೆ.

ಯಾಕ ಓಡಿದೆ ಅನ್ನೂದು ನಿನಗ ಹೇಳಬೇಕಿಲ್ಲ, ನಿಮ್ಮ ಅಪ್ಪನೂ ಹೇಳಿರ್ತಾನ. 1993ರ ಸೆಪ್ಟೆಂಬರ್ 30. ಗಣಪ್ಪನ್ನ ಹೊಳಿಗೆ ಕಳಿಸಿ ಬಂದು ಮಲಗಿದ್ವಿ, ಇನ್ನೂ ನಸುಕು, ನಾಕಕ್ಕ ನಾಕು ನಿಮಿಷ ಕಮ್ಮಿ. ಮುಧೋಳ ಕಡೆ ನಮ್ಮ ಊರಾಗ ಅಡಗಿಮನಿ ಪಾತ್ರೆ ಗಲಗಲ ಅಂದ್ವು, ಅಪ್ಪ ನಮ್ಮನ್ನೆಲ್ಲಾ ಎಳಕೊಂಡು ಅಂಗಳಕ್ಕ ತಂದ. ಬೆಳಗಾದ ಮ್ಯಾಲೆ ಮಹಾರಾಷ್ಟ್ರದ ಕಿಲ್ಲಾರಿ ಸುದ್ದಿ ಬಂತು. ಹತ್ತಿರ ಹತ್ತಿರ 10,000 ಮಂದಿ. ಮಣ್ಣಿನ ಗಾರಿಯಾಗ ಕಟ್ಟಿದ ಕಲ್ಲಗ್ವಾಡಿ, ಮ್ಯಾಲೆ ಮಣ್ಣಿನ ಮ್ಯಾಳಗಿ, ಮಲಗಿದವರ ಮ್ಯಾಲೆ ಬಿತ್ತು. ಅವತ್ತಿಂದ ನಮ್ಮ ಕಡೆ ಎಲ್ಲಾರಿಗೂ ಒಂದ ಪಾಠ: ನೆಲ ನಡಗಿದ್ರ ಹೊರಗ ಓಡು. ಅಲ್ಲಿಯ ಮನಿಗೆ ಆ ಪಾಠ ಬರೋಬರಿ. ಇಲ್ಲಿಯ ಮನಿ ಕಟ್ಟಿಗಿ ಚೌಕಟ್ಟಿನವು, ಬಾಗ್ತಾವ, ಅಷ್ಟು ಸರಳ ಬೀಳೂದಿಲ್ಲ. ಓಡುವಾಗ ಮೆಟ್ಟಲ ಮ್ಯಾಲೆ ಬೀಳ್ತೀವಿ, ಗಾಜು ತುಳೀತೀವಿ, ಗ್ವಾಡಿ ಹೊರಗಿನ ಇಟ್ಟಂಗಿ ತಲಿ ಮ್ಯಾಲೆ ಬೀಳ್ತಾವ. ಇಲ್ಲೆ ಗಟ್ಟಿ ಮೇಜಿನ ಬುಡಕ ಕುಂತು ಅದರ ಕಾಲು ಹಿಡಕೊಳ್ಳೂದು. ಮಂಚದ ಹತ್ರ ಒಂದು ಜೋಡಿ ಬೂಟು ಇಟ್ಟು ಮಲಕ್ಕೋ.

ಆ ರಾತ್ರಿ ಅರ್ಧ ತಾಸಿನ ಮ್ಯಾಲೆ ಒಬ್ಬ ಹೆಣಮಗಳು ಬಾಗಿಲ ಬಡದ್ಲು. ಅರವತ್ತು ದಾಟಿದಾಕಿ, ಹಸಿರು ಹೆಲ್ಮೆಟ್ಟು, ಹಸಿರು ಬನೀನಿನಂಥ ಜಾಕೀಟು, ಕೈಯಾಗ ಬ್ಯಾಟರಿ, ಒಂದು ಹಾಳಿ. ಯಾರಿಗರ ಪೆಟ್ಟಾಗೈತೇನು, ಗ್ಯಾಸಿನ ವಾಸನಿ ಬರ್ತೈತೇನು, ಈ ಮನ್ಯಾಗ ಎಷ್ಟು ಮಂದಿ ಇದ್ದೀರಿ ಅಂತ ಕೇಳಿದ್ಲು. ಬಾಡಿಗಿ ಕರಾರಿನಾಗ ಇದ್ದದ್ದು ಇಬ್ಬರ ಹೆಸರು. ನನಗ ಆಕಿ ಸರಕಾರದಾಕಿ ಅನಿಸಿತು, ಅಂಜಿಕಿ ಬಂತು. "ಇಬ್ಬರು" ಅಂದೆ. ಆಕಿ 2 ಅಂತ ಬರಕೊಂಡು, ನಕ್ಕು, ಮುಂದಿನ ಬಾಗಿಲಿಗೆ ಹೋದ್ಲು. ಆ ಸುಳ್ಳಿನ ತೂಕ ನನಗ ತಿಳಿಯಾಕ ಏಳು ವರ್ಷ ಹಿಡೀತು.

2014ರಾಗ ನಾನೂ ಆ ಹಸಿರು ಹೆಲ್ಮೆಟ್ಟಿನವರ ತರಬೇತಿಗೆ ಸೇರಿದೆ, ನೀ ಕೇಳಿದ್ದೂ ಅದನ್ನ. ಇದರ ಹುಟ್ಟು ಕೇಳು. 1985ರ ಸೆಪ್ಟೆಂಬರ್ 19ಕ್ಕ ಮೆಕ್ಸಿಕೋ ಸಿಟಿಯೊಳಗ ದೊಡ್ಡ ಭೂಕಂಪ ಆತು. ಓಣಿ ಮಂದಿನ ಕೈಲೆ ಕಲ್ಲು ಮಣ್ಣು ಸರಿಸಿ 800ಕ್ಕೂ ಹೆಚ್ಚು ಜನರನ್ನ ಜೀವಂತ ಹೊರಗ ತಂದ್ರು. ಆದ್ರ ಹಂಗ ಒಳಗ ಹೋದವರೊಳಗ 100ಕ್ಕೂ ಹೆಚ್ಚು ಮಂದಿ ತಾವ ಸತ್ರು, ಯಾಕಂದ್ರ ಅವರಿಗೆ ಕಲಿಸಿದವರು ಯಾರೂ ಇರಲಿಲ್ಲ. ಲಾಸ್ ಏಂಜಲೀಸಿನ ಅಗ್ನಿಶಾಮಕ ದಳದವರು ಅದನ್ನ ನೋಡಿ, ಮಂದಿ ಹ್ಯಾಂಗಿದ್ರೂ ನುಗ್ಗೇ ನುಗ್ತಾರ, ಕಲಿಸಿರ ಕಳಸೂಣು ಅಂತ ಶುರು ಮಾಡಿದ್ರು. 1993ರಿಂದ ಇದು ದೇಶಕ್ಕೆಲ್ಲಾ ಆತು, ಸರ್ಟ್ ಅಂತ ಕರೀತಾರ. ಸ್ಯಾನ್ ಫ್ರಾನ್ಸಿಸ್ಕೋದಾಗ 1989ರ ಭೂಕಂಪ ಆದ ಮ್ಯಾಲೆ ಅವರದ ಬ್ಯಾರೆ ಪಡೆ ಕಟ್ಟಿಕೊಂಡಾರ, ನರ್ಟ್ ಅಂತ ಅದರ ಹೆಸರು.

ನಮ್ಮವರಿಗೆ ಧೈರ್ಯ ಕಲಸಬೇಕಿಲ್ಲ. ಕಬ್ಬಿನ ಟ್ರ್ಯಾಕ್ಟರ್ ಪಲ್ಟಿ ಆದಾಗ ಏನಾಗ್ತೈತಿ, ನೀ ಕಂಡಿದ್ದೀ. ಹತ್ತು ಹೊಲದಿಂದ ನಲವತ್ತು ಮಂದಿ ಓಡಿ ಬರ್ತಾರ, ಹೋ ಅಂತ ಎತ್ತತಾರ, ಒಬ್ಬ ಕಾಲು ಹಿಡದು ಎಳೀತಾನ, ಇನ್ನೊಬ್ಬ ನೀರು ಕುಡಸ್ತಾನ. ಎತ್ತಿದ್ದು ಜಾರಿ ಮತ್ತ ಅವನ ಮ್ಯಾಲೆ ಬಿದ್ದದ್ದನ್ನೂ ನಾ ಕಂಡೀನಿ. ಇಲ್ಲೆ ಅದನ್ನ ಬ್ಯಾರೆ ರೀತಿ ಕಲಿಸಿದ್ರು. ಹಾರಿ ಹಾಕಿ ಒಂದೀಟು ಮೀಟೂದು, ಎದ್ದಷ್ಟಕ್ಕ ಕಟ್ಟಿಗಿ ತುಂಡು ಅಡ್ಡಡ್ಡ ಉದ್ದುದ್ದ ಪೇರಿಸಿ ತುಂಬೂದು, ಮತ್ತ ಒಂದೀಟು ಮೀಟೂದು. ಕೈ ಜಾರಿದ್ರೂ ಭಾರ ಕಟ್ಟಿಗಿ ಮ್ಯಾಲೆ ಕೂಡ್ತೈತಿ, ಮನಷ್ಯಾನ ಮ್ಯಾಲೆ ಅಲ್ಲ. ನಮ್ಮ ಮನಿ ಹಿತ್ತಲದಾಗ ಹಾರಿನೂ ಇತ್ತು, ಬಂಡಿಯ ಹಳೇ ಕಟ್ಟಿಗಿನೂ ಇತ್ತು. ಅವೆರಡನ್ನ ಹಿಂಗ ಕೂಡಸೂದು ಹೇಳಿದವರಿಲ್ಲ. ಆ ದಿನ ಮನಿಗೆ ಬಂದು ಭಾಳ ಹೊತ್ತು ಸುಮ್ಮನ ಕುಂತಿದ್ದೆ.

ಗ್ಯಾಸಿನ ವಾಸನಿ ಇಲ್ಲಾ ಸುಯ್ ಅನ್ನೂ ಸದ್ದು ಬಂದ್ರ ಮೀಟರಿನ ಹತ್ರದ ಕೀಲಿ ಪಾನಾದಿಂದ ಕಾಲು ಸುತ್ತು ತಿರುವಿ ಬಂದ್ ಮಾಡೂದು, ಒಮ್ಮೆ ಬಂದ್ ಮಾಡಿದ್ದನ್ನ ನಾವು ತಗಿಯೂಹಂಗಿಲ್ಲ, ಗ್ಯಾಸಿನವರ ಬರಬೇಕು. ಬೆಂಕಿ ಕಸದ ಬುಟ್ಟಿಗಿಂತ ದೊಡ್ಡದಿದ್ರ ನಮ್ಮ ಕೆಲಸ ಅಲ್ಲ. ಎಲ್ಲೇ ಹೋದ್ರೂ ಜೋಡಿಲೆ ಹೋಗೂದು. ಎಚ್ಚರ ಇದ್ದವರನ್ನ ಮುಟ್ಟೂ ಮೊದಲ ಕೇಳೂದು. ಇವೆಲ್ಲಾ ಅಲ್ಲೆ ಕಲಸ್ತಾರ.

ಪೆಟ್ಟಾದವರಿಗೆ ಬಣ್ಣದ ಪಟ್ಟಿ ಕಟ್ಟೂದು ಮಾತ್ರ ನಿನಗ ಮೊದಲ ಹೇಳಿಡ್ತೀನಿ, ಮನಸ ಗಟ್ಟಿ ಮಾಡ್ಕೊಂಡು ಹೋಗು. ನಡಿಯಾಕ ಬರೂರು ಹಸಿರು. ಉಸಿರು ನಿಮಿಷಕ್ಕ 30 ದಾಟಿದ್ರ, ಉಗರು ಒತ್ತಿ ಬಿಟ್ರ ಬಣ್ಣ ಮರಳಾಕ 2 ಸೆಕೆಂಡಿಗಿಂತ ಹೆಚ್ಚು ಹಿಡದ್ರ, ಹೇಳಿದ ಸಣ್ಣ ಮಾತು ಮಾಡಾಕ ಬರದಿದ್ರ ಕೆಂಪು. ಉಳದವರು ಹಳದಿ. ತಲಿ ಎತ್ತಿ ಶ್ವಾಸದ ದಾರಿ ಬಿಡಿಸಿದ ಮ್ಯಾಲೂ ಉಸಿರು ಬರದಿದ್ರ ಕಪ್ಪು, ಮುಂದ ಹೋಗಬೇಕು. ಕಡೀ ದಿನ ಸಾಲಿ ಹುಡುಗರಿಗೆ ಸುಳ್ಳ ರಕ್ತ ಬಳದು ಮಲಗಿಸಿದ್ರು. ಹನ್ನೆರಡು ವರ್ಷದ ಒಂದು ಹುಡುಗಿಗೆ ನಾನು ಕಪ್ಪು ಪಟ್ಟಿ ಕಟ್ಟಬೇಕಾತು. ನಾಟಕ ಅಂತ ಗೊತ್ತಿದ್ರೂ ಕೈ ನಡಗಿದ್ವು. ನಮ್ಮಲ್ಲಿ ಸತ್ತವರನ್ನ ಬಿಟ್ಟು ಮುಂದ ಹೋಗೂ ರೂಢಿ ಇಲ್ಲ.

ಮನಿ ಹುಡಕೂ ಪಾಠದಾಗ ನನ್ನ ಸುಳ್ಳು ನನಗ ತಿರುಗಿ ಸಿಕ್ತು. ಒಳಗ ಹೋಗುವಾಗ ಬಾಗಿಲ ಹತ್ರ ಒಂದು ಓರೆ ಗೀಟು ಎಳೀತಾರ, ಹೊರಗ ಬಂದಾಗ ಇನ್ನೊಂದು ಗೀಟು ಎಳದು ಕತ್ರಿ ಗುರ್ತು ಮಾಡ್ತಾರ. ಅದರ ಕೆಳಗ ಸಿಕ್ಕವರ ಸಂಖ್ಯೆ. ಇಬ್ಬರು ಇರೂ ಮನಿ ಅಂತ ಹಾಳ್ಯಾಗ ಇತ್ತು, ಇಬ್ಬರು ಸಿಕ್ಕರು ಅಂದ್ರ, ಮುಂದಿನ ಮನಿಗೆ ಹೋಗ್ತಾರ. 2007ರಾಗ ಆ ಕಟ್ಟಡ ಬಿದ್ದಿದ್ರ ನಮ್ಮ ಮನ್ಯಾಗ ಇನ್ನಿಬ್ಬರು ಮಣ್ಣಾಗ ಉಳೀತಿದ್ರು. ಆ ಹೆಣಮಗಳನ್ನ ಹುಡುಕಿಕೊಂಡು ಹೋದೆ. ಅಷ್ಟರಾಗ ಆಕಿ ಆ ಓಣಿ ಬಿಟ್ಟಿದ್ಲು.

ಇಷ್ಟು ಕಲತವ ನಾನು. ಮುಂದಿಂದು ಕೇಳು.

2019ರ ಜನವರ್ಯಾಗ ತಂಗಿ ಮಗಳ ಮದವಿಗೆ ಊರಿಗೆ ಹೋಗಿದ್ದೆ. ಗರಡಿಮನಿ ಹುಡುಗರಿಗೆ ಹಸಿರು ಹೆಲ್ಮೆಟ್ಟಿನ ಫೋಟೋ ತೋರಿಸಿದೆ. "ಅಣ್ಣಾ, ನಮಗೂ ಕಲಸ್ರಿ, ಹೆಂಗೂ ದಿನಾ ತಾಲೀಮಿಗೆ ಕೂಡ್ತೀವಿ" ಅಂದ್ರು. ಮದವಿ ಗಡಿಬಿಡಿ, ಬರೂ ಸಲ ಬಂದಾಗ ನೋಡೂಣು ಅಂದೆ. ಆಗಸ್ಟಿನಾಗ ಹೊಳಿ ಬಂತು. ಹಿಡಕಲ್ ಡ್ಯಾಮಿನ ನೀರು, ಅದರ ಕೂಡ ಹಿರಣ್ಯಕೇಶಿ, ಮಾರ್ಕಂಡೇಯ ಎಲ್ಲಾ ಒಮ್ಮೆಲೆ ಘಟಪ್ರಭಾಕ್ಕ ಸೇರಿದ್ವು. ಗೋಕಾಕದಿಂದ ಹಿಡದು ಮುಧೋಳ ತನಕ ಹೊಳಿ ದಂಡಿ ಊರೆಲ್ಲಾ ನೀರಾಗ. ನಮ್ಮ ಹುಡುಗರು ಟ್ರ್ಯಾಕ್ಟರ್ ಕಟ್ಟಿ ಮಂದಿನ್ನ, ದನಾನ್ನ ದಿಬ್ಬದ ಮ್ಯಾಲಿನ ಸಾಲಿಗೆ ಒಯ್ದ್ರು. ಆ ರಾತ್ರಿ ಅವರು ಮಾಡಿದ ಕೆಲಸ ನೆನಸಿದ್ರ ಈಗೂ ಎದಿ ತುಂಬತೈತಿ.

ನಾನು ಇಲ್ಲಿಂದ ಫೋನ್ ಹಚ್ಚಿದಾಗ ಇಲ್ಲೆ ಮುಂಜಾನೆ ಎಂಟು, ಅಲ್ಲೆ ರಾತ್ರಿ ಎಂಟೂವರಿ. "ಎಲ್ಲಾರೂ ಬಂದಾರೇನು?" ಅಂದೆ. ಅಳಿಯ "ಎಲ್ಲಾರೂ ಬಂದಾರ ಮಾಮಾ" ಅಂದ. ದೇವರ ದಯೆ ಅಂತ ಫೋನ್ ಇಟ್ಟೆ. ಆಫೀಸಿಗೆ ಹೋದೆ, ಮಧ್ಯಾಹ್ನ ಊಟ ಮಾಡಿದೆ.

ಬಾಜೂ ಮನಿ ಆಯಿ ಬಂದಿರಲಿಲ್ಲ. ಮಗ ಗೋವಾಕ್ಕ ದುಡಿಯಾಕ ಹೋಗಿದ್ದ. ಮ್ಯಾಲಿನ ಓಣಿಯಾಗಿನ ಆಕಿ ತವರವರು, ಆಕಿ ನಮ್ಮ ಮನಿಯವರ ಕೂಡ ಹೋಗ್ಯಾಳ ಅಂತ ತಿಳಕೊಂಡ್ರು. ನಮ್ಮ ಮನಿಯವರು, ತವರವರ ಕೂಡ ಹೋಗ್ಯಾಳ ಅಂತ. ಕಿವಿ ಮಂದ, ಮೊಣಕಾಲು ಬ್ಯಾನಿ, ಹಲಗಿ ಬಡದದ್ದು ಕೇಳಿಲ್ಲ. ಮರುದಿನ ಮಧ್ಯಾಹ್ನ ಗಂಜಿ ಕೇಂದ್ರದಾಗ ತಾಟು ಹಂಚುವಾಗ ಯಾರೋ ಆಯಿ ಎಲ್ಲೆ ಅಂದ್ರಂತ. ಬೋಟ್ ತಗೊಂಡು ಹೋದ್ರ ಆಕಿ ಅಟ್ಟದ ಮ್ಯಾಲೆ ಜ್ವಾಳದ ಚೀಲದ ಬಾಜೂಕ ಹಸೇ ಸೀರಿಯಾಗ ಕುಂತಿದ್ಲು. ಜೀವಂತ ತಂದ್ರು. ಆದ್ರ ಥಂಡಿ ಎದಿಗಿ ಇಳದಿತ್ತು. ಆಕಿ ಆ ವರ್ಷದ ದೀಪಾವಳಿ ಕಾಣಲಿಲ್ಲ. ಸಣ್ಣಾಂವ ಇದ್ದಾಗ ಸಾಲಿಯಿಂದ ಬಂದ ಕೂಡಲೆ ನನಗ ಬಿಸಿ ರೊಟ್ಟಿ, ಬೆಣ್ಣಿ ಕೊಟ್ಟ ಕೈ ಅದು.

ಯಾರದೂ ತಪ್ಪಿಲ್ಲ ಅಂತ ಊರವರು ಅಂತಾರ. ನನ್ನದು ಐತಿ. ‘ಎಲ್ಲಾರೂ’ ಅನ್ನೂದು ಉತ್ತರ ಅಲ್ಲ, ಹೆಸರು ಹೇಳಿ ಎಣಿಸಬೇಕು ಅಂತ ಕಲತು ಬಂದವ ನಾನೊಬ್ಬನ ಇದ್ದೆ. ನಮ್ಮ ಓಣಿಯಾಗ ಇದ್ದದ್ದು ಇಪ್ಪತ್ಮೂರು ಮನಿ. ಫೋನಿನಾಗ ಒಂದೊಂದ ಮನಿ ಹಿಡದು ಕೇಳಾಕ ಐದು ನಿಮಿಷ ಸಾಕಿತ್ತು. ಇಲ್ಲಿಯ ನನ್ನ ಓಣಿ ನಕ್ಷೆ ನಾನ ಬರದೀನಿ: ಯಾರ ಮನ್ಯಾಗ ಕೂಸು ಐತಿ, ಯಾರು ಗಾಲಿ ಕುರ್ಚಿ ಮ್ಯಾಲೆ ಇದ್ದಾರ, ಗ್ಯಾಸ್ ಮೀಟರ್ ಎಲ್ಲೈತಿ. ಊರಾಗ ಯಾರ ಮನ್ಯಾಗ ಇವತ್ತು ಏನು ಅಡಗಿ ಅನ್ನೂದೂ ಗೊತ್ತಿರ್ತೈತಿ, ಅದಕ್ಕ ಬರದಿಡೂ ವಿಚಾರ ಯಾರಿಗೂ ಬರೂದಿಲ್ಲ, ನನಗೂ ಬರಲಿಲ್ಲ.

ಮುಂದಿನ ವರ್ಷ ಜಗತ್ತೆಲ್ಲಾ ಬಂದ್ ಆತು, 2022ರಾಗ ಹೋಗಿ ಆ ಗರಡಿ ಹುಡುಗರ ಕೂಡ ಮೂರು ದಿನ ಕುಂತೆ. ಪಾಟಿ ಮ್ಯಾಲೆ ಮನಿ ಮನಿ ಬರದ್ವಿ. ಒಬ್ಬೊಬ್ಬರಿಗೆ ಮೂರು ಮನಿ ಹಚ್ಚಿದ್ವಿ: ಹೊಳಿ ಬಂದ್ರ ಆ ಮೂರು ಮನಿಯವರನ್ನ ಹೆಸರು ಹಿಡದು ಕರದು ಸಾಲಿಗೆ ಮುಟ್ಟಿಸೂದು ಅವನ ಜವಾಬ್ದಾರಿ. ಸರಕಾರದ ‘ಆಪದ ಮಿತ್ರ’ ಅಂತ ಯೋಜನಾನೂ 2016ರಾಗ ಶುರು ಆಗೈತಿ, 12 ದಿನದ ತರಬೇತಿ, ಕಿಟ್ ಕೊಡ್ತಿದ್ರು. ನಿಮ್ಮ ಜಮಖಂಡಿ ಕಡೆ ಕೃಷ್ಣಾ ದಂಡಿ ಹುಡುಗರು ಯಾರರ ಇದ್ರ ತಹಶೀಲ್ದಾರ್ ಕಚೇರ್ಯಾಗ ಕೇಳಾಕ ಹೇಳು.

ಮತ್ತ ಒಂದು. ಇಲ್ಲೆ ನೆಲ ನಡಗಿದಾಗ ಫೋನ್ ಹತ್ತೂದಿಲ್ಲ, ಮೆಸೇಜ್ ಹೋಗ್ತೈತಿ. ಬ್ಯಾರೆ ರಾಜ್ಯದಾಗಿನ ಒಬ್ಬರಿಗೆ ‘ಆರಾಮ ಇದ್ದೀನಿ’ ಅಂತ ಕಳಿಸು, ಅವರು ನಿಮ್ಮ ಅವ್ವಗ ಹೇಳ್ಲಿ. ಟೀವಿ ನೋಡಿ ಆಕಿ ಗಾಬರಿ ಆಗೂ ಮೊದಲ ಸುದ್ದಿ ಮುಟ್ಟಬೇಕು.

ಶನಿವಾರ ಹೋಗು. ಗಟ್ಟಿ ಬೂಟು ಹಾಕ್ಕೊಂಡು ಹೋಗು, ಊಟ ಕಟ್ಟಿಕೊಂಡು ಹೋಗು, ಅಲ್ಲಿಯ ತಣ್ಣನ ಬ್ರೆಡ್ಡು ನಿನಗ ಸೇರೂದಿಲ್ಲ. ಎಲ್ಲಾ ಸೇರಿ 20 ತಾಸಿನ ಮ್ಯಾಲ ಆಗ್ತೈತಿ, ನಡುವ ಬಿಡಬ್ಯಾಡ. ಆದ್ರ ಅದಕ್ಕೂ ಮೊದಲ, ಇವತ್ತ ಸಂಜಿ, ಆ ಬಾಜೂ ಮನಿ ಹಿರಿಯರ ಬಾಗಿಲ ಬಡಿ. ನೀ ಬರದ ಇಡೀ ಪತ್ರದಾಗ ಅವರ ಹೆಸರಿಲ್ಲ. ಕರೆಂಟ್ ಹೋದ್ರ ಆ ಮಷೀನ್ ಎಷ್ಟು ತಾಸು ನಡೀತೈತಿ, ಇನ್ನೊಂದು ಸಿಲಿಂಡರ್ ಎಲ್ಲೆ ಇಟ್ಟಾರ, ಕೇಳಿಕೊಂಡು ಬಾ. ನಿನ್ನ ಹೆಸರೂ, ನಿಮ್ಮ ಮನ್ಯಾಗ ಎಷ್ಟು ಮಂದಿ ಇದ್ದೀರಿ ಅನ್ನೂದೂ ಅವರಿಗೆ ಹೇಳು, ಇದ್ದಷ್ಟೂ ಹೇಳು. ಆಮ್ಯಾಲೆ ಅವರ ಹೆಸರು ನನಗ ಬರದು ಕಳಿಸು.