ಕೊಡಗಿನ ಬಂದೂಕು, ಮಾಕುಟ್ಟದ ಲಾರಿ

ನೀವು ಕೇಳಿದ ಎರಡು ಪ್ರಶ್ನೆಗಳನ್ನು ಹೊರಗಿನವರು ಸಾಮಾನ್ಯವಾಗಿ ಒಟ್ಟಿಗೇ ಕೇಳುತ್ತಾರೆ. ಕೊಡಗಿನಲ್ಲಿ ಬಂದೂಕಿಗೆ ಲೈಸೆನ್ಸೇ ಬೇಡವಂತೆ, ಹೌದಾ? ಹಾಗಿದ್ದ ಮೇಲೆ ಗಡಿಯಲ್ಲಿ ನಡುರಾತ್ರಿ ಲಾರಿ ನಿಲ್ಲಿಸಿ ಹುಡುಕುವುದಾದರೂ ಏನನ್ನು? ನಮ್ಮ ಮನೆ ಇರುವುದು ವಿರಾಜಪೇಟೆಯಿಂದ ಮಾಕುಟ್ಟಕ್ಕೆ ಇಳಿಯುವ ದಾರಿಯಲ್ಲಿ. ಘಾಟಿ ಇಳಿದು ಕೂಟುಪುಳ ಸೇತುವೆ ದಾಟಿದರೆ ಕೇರಳದ ಕಣ್ಣೂರು ಜಿಲ್ಲೆ. ಹಾಗಾಗಿ ಎರಡಕ್ಕೂ ಉತ್ತರ ಹೇಳಬಲ್ಲೆ.

ಬಂದೂಕಿನ ವಿಷಯ ಮೊದಲು. ವಿನಾಯಿತಿ ಇರುವುದು ಕೊಡಗಿನಲ್ಲಿ ವಾಸಿಸುವ ಎಲ್ಲರಿಗೂ ಅಲ್ಲ, ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ. ಜಮ್ಮಾ ಎಂದರೆ ರಾಜರ ಕಾಲದಲ್ಲಿ ಸೈನ್ಯದ ಸೇವೆಗೆ ಪ್ರತಿಯಾಗಿ ಕೊಟ್ಟ, ವಂಶಪಾರಂಪರ್ಯವಾಗಿ ಬಂದ ಭೂಮಿ. ಬ್ರಿಟಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡರು, 1861ರಲ್ಲಿ ಕೊಡವರನ್ನು ನಿಶ್ಶಸ್ತ್ರೀಕರಣದ ಕಾಯ್ದೆಯಿಂದ ಹೊರಗಿಟ್ಟರು. ಸ್ವಾತಂತ್ರ್ಯದ ನಂತರ 1959ರ ಶಸ್ತ್ರಾಸ್ತ್ರ ಕಾಯ್ದೆ ಬಂದಾಗ ಕೇಂದ್ರ ಸರ್ಕಾರ ಅದನ್ನೇ ಮುಂದುವರಿಸಿತು. 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್‌ವರೆಗೆ ವಿಸ್ತರಣೆ ಆಯಿತು. ಇದು ತಾರತಮ್ಯ ಎಂದು ಹೈಕೋರ್ಟಿಗೆ ಹೋದವರಿದ್ದರು, 2021ರಲ್ಲಿ ಕೋರ್ಟು ವಿನಾಯಿತಿಯನ್ನೇ ಎತ್ತಿಹಿಡಿಯಿತು.

ನಾನು ಕೊಡವನಲ್ಲ, ನಮ್ಮ ತೋಟ ಜಮ್ಮಾ ಅಲ್ಲ. ನಮ್ಮ ಅಣ್ಣನ ಒಂಟಿನಳಿಗೆ ಬಂದೂಕು ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದದ್ದು. ಅದನ್ನು ನವೀಕರಿಸಲು ಅವನು ಕಚೇರಿ ಮೆಟ್ಟಿಲು ಹತ್ತುವಾಗ ಪಕ್ಕದ ಮನೆಯವರ ಹತ್ತಿರ ವಿನಾಯಿತಿ ಪತ್ರ ಇರುತ್ತದೆ. ಇದರಿಂದ ನಮಗೆ ಹೊಟ್ಟೆಯುರಿ ಇದೆಯೇ ಎಂದು ಕೇಳುವವರಿದ್ದಾರೆ. ಇಲ್ಲ. ಕೊಡವರ ಆಯುಧ ಪೂಜೆಯಾದ ಕೈಲ್ ಪೊಳ್ದ್ ದಿನ ಆ ಮನೆಯ ನೆಲ್ಲಕ್ಕಿ ಬಾಡೆಯಲ್ಲಿ, ಅಂದರೆ ದೀಪ ಹಚ್ಚುವ ನಡುಮನೆಯಲ್ಲಿ, ಕೋವಿಯನ್ನು ಒರೆಸಿ, ಗಂಧವಿಟ್ಟು, ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸಿರುವುದನ್ನು ಕಂಡವರಿಗೆ ಅದು ಬರೀ ಆಯುಧ ಅನ್ನಿಸುವುದಿಲ್ಲ. ಕೆಂಪು ಹಳದಿ ಬಣ್ಣದ ಆ ಹೂವಿನ ದಳಗಳು ಮೇಲ್ಮುಖವಾಗಿ ಉರಿಯ ಹಾಗೆ ಬಾಗಿರುತ್ತವೆ, ಬೇಲಿಯ ಮೇಲೆ ಅರಳುವುದೂ ಆ ಮಳೆ ಇಳಿಯುವ ಹೊತ್ತಿಗೇ. ಸುಗ್ಗಿ ಹಬ್ಬ ಪುತ್ತರಿಯಲ್ಲಿ ಕದಿರು ಕೊಯ್ಯುವಾಗ ಒಂದು ಗುಂಡು. ಸಾವಾದರೆ ಬೆನ್ನುಬೆನ್ನಿಗೆ ಎರಡು. ಆ ಎರಡು ಸದ್ದು ಕೇಳಿದರೆ ನಾವೂ ಕೈಯಲ್ಲಿದ್ದ ಕೆಲಸ ಬಿಟ್ಟು ಯಾರ ಮನೆ ಎಂದು ವಿಚಾರಿಸುತ್ತೇವೆ.

ಆದರೆ ದಯವಿಟ್ಟು ಇದೊಂದನ್ನು ಸರಿಯಾಗಿ ತಿಳಿದುಕೊಳ್ಳಿ. ವಿನಾಯಿತಿ ಲೈಸೆನ್ಸಿನಿಂದಲೇ ಹೊರತು ಕಾನೂನಿನಿಂದಲ್ಲ. ಬೇಟೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಎಲ್ಲರಿಗೂ ನಿಷಿದ್ಧ. ಲಿಖಿತ ಅನುಮತಿ ಇಲ್ಲದೆ ವನ್ಯಧಾಮದೊಳಗೆ ಕೋವಿ ಹಿಡಿದು ಕಾಲಿಡುವಂತಿಲ್ಲ. ವನ್ಯಧಾಮದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವವರು ಬಂದೂಕನ್ನು ನೋಂದಾಯಿಸಬೇಕೆನ್ನುವ ಅದೇ ಕಾಯ್ದೆ, ಲೈಸೆನ್ಸ್ ಇದ್ದವರ ಜೊತೆಗೆ ವಿನಾಯಿತಿ ಪಡೆದವರನ್ನೂ ಹೆಸರಿಸಿಯೇ ಹೇಳುತ್ತದೆ. ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಎಂದು ಮೂರು ವನ್ಯಧಾಮ ಇರುವ ಜಿಲ್ಲೆಯಲ್ಲಿ ಇದು ಎಷ್ಟು ಮನೆಗಳಿಗೆ ತಟ್ಟುತ್ತದೆ, ನೀವೇ ಯೋಚಿಸಿ. ಸಂಭ್ರಮದ ನೆಪದಲ್ಲಿ ಇನ್ನೊಬ್ಬರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ.

ಈಗ ಗಡಿಯ ತಪಾಸಣಾ ಗೇಟಿನ ವಿಷಯ. ಮೊದಲೆಲ್ಲ ತೆರಿಗೆ ಚೆಕ್‌ಪೋಸ್ಟಿನಲ್ಲಿ ಲಾರಿಗಳ ಸಾಲೇ ನಿಲ್ಲುತ್ತಿತ್ತು. 2017ರಲ್ಲಿ ಜಿಎಸ್‌ಟಿ ಬಂದ ಮೇಲೆ ಆ ಚೆಕ್‌ಪೋಸ್ಟುಗಳು ಹೋದವು, ತಪಾಸಣೆ ಹೋಗಲಿಲ್ಲ. ಪೊಲೀಸರಿಗೆ ವಾಹನದ ದಾಖಲೆ ಬೇಕು, ಅರಣ್ಯದವರಿಗೆ ಮರದ ರಹದಾರಿ ಬೇಕು, ತೆರಿಗೆಯವರು ದಾರಿಯಲ್ಲಿ ಎಲ್ಲಿ ಬೇಕಾದರೂ ಕೈ ಅಡ್ಡ ಹಿಡಿಯಬಹುದು. ಸರಕು 50,000 ರೂಪಾಯಿ ಮೀರಿದರೆ ಇ-ವೇ ಬಿಲ್, ಅಂದರೆ ಸರಕು ಸಾಗಣೆಗೆ ಆನ್‌ಲೈನಿನಲ್ಲಿ ಪಡೆಯುವ ದಾಖಲೆ, ಇರಲೇಬೇಕು. ಹಸಿ ತರಕಾರಿಗೆ, ಹಸಿ ಶುಂಠಿಗೆ ಅದು ಬೇಡ. ಒಣ ಕರಿಮೆಣಸು ವ್ಯಾಪಾರಿಯ ಸರಕಾದರೆ ಬೇಕು.

ಒಂದು ಜುಲೈಯಲ್ಲಿ ಮೆಣಸಿನ ಲೋಡಿನ ಜೊತೆ ನಾನೇ ಹೋಗಿದ್ದೆ. ಗೋಣಿಕೊಪ್ಪ ಹತ್ತಿರ ಲಾರಿ ಕೆಟ್ಟು ಸರಕನ್ನು ಇನ್ನೊಂದಕ್ಕೆ ಏರಿಸಿದೆವು. ಬಿಲ್ಲಿನ ಎರಡನೇ ಭಾಗದಲ್ಲಿ ಹೊಸ ಲಾರಿಯ ನಂಬರ್ ಹಾಕುವುದು ಮರೆತೇ ಹೋಯಿತು. ರಾತ್ರಿ ಹನ್ನೊಂದಕ್ಕೆ ಟಾರ್ಚು ಬಿತ್ತು. ಟಾರ್ಪಾಲು ಬಿಚ್ಚಿ ಅಂದರು. ಮಳೆಗೆ ನೆಂದ ಹಗ್ಗ ಉಬ್ಬಿ ಗಂಟು ಬಿಗಿದುಕೊಂಡಿತ್ತು, ಡ್ರೈವರ್ ಹಲ್ಲಿನಿಂದ ಕಚ್ಚಿ ಎಳೆದರೂ ಸಡಿಲಲಿಲ್ಲ. ಕೊನೆಗೆ ಕತ್ತಿಯಲ್ಲಿ ಕೊಯ್ದೆವು. ಒಂದೊಂದೇ ಚೀಲ ಮುಟ್ಟಿ ಎಣಿಸಿದರು. ಮನೆಗೆ ಫೋನ್ ಮಾಡಿ ನಂಬರ್ ತಿದ್ದಿಸುವಷ್ಟರಲ್ಲಿ ಮೂರು ಗಂಟೆ ಕಳೆದು, ಮೇಲಿನ ಸಾಲಿನ ಚೀಲಗಳು ಒದ್ದೆಯಾದವು. ಮೆಣಸಿಗೆ ನೀರು ತಾಗಿದರೆ ಬೂಷ್ಟು ಹಿಡಿಯುತ್ತದೆ, ಬೆಲೆ ಬೀಳುತ್ತದೆ. ತಪ್ಪು ನಮ್ಮದೇ, ಒಪ್ಪುತ್ತೇನೆ. ಆದರೂ ಲೋಡು ಬಿಚ್ಚಿಸುವ ಜಾಗಕ್ಕೆ ಒಂದು ತಗಡಿನ ಮಾಡು ಹಾಕಿಸಬೇಕು ಎಂದು ಅಂದಿನಿಂದ ಹೇಳುತ್ತಲೇ ಇದ್ದೇನೆ. ತಪಾಸಣೆ ಬೇಡ ಎನ್ನುವವನು ನಾನಲ್ಲ. ಕಸ ತುಂಬಿಕೊಂಡು ಬಂದು ನಮ್ಮ ಕಾಡಂಚಿನಲ್ಲಿ ಸುರಿದು ಹೋಗುವ ಲಾರಿ ಸಿಕ್ಕಿಬೀಳುವುದೂ ಇದೇ ಗೇಟುಗಳಲ್ಲಿ.

ಭಾರದ ವಿಷಯದಲ್ಲಂತೂ ಆಟ ಬೇಡ. ಮಿತಿ ಮೀರಿದರೆ 20,000 ರೂಪಾಯಿ, ಮೇಲಿನ ಪ್ರತಿ ಟನ್ನಿಗೆ 2,000, ಜೊತೆಗೆ ಹೆಚ್ಚಿನ ಸರಕನ್ನು ಇಳಿಸುವ ಖರ್ಚು. ತೂಕ ಮಾಡಿಸದೆ ಓಡಿದರೆ 40,000. 2018ರ ಮಳೆಯಲ್ಲಿ ಈ ಘಾಟಿ ರಸ್ತೆ ಕುಸಿದದ್ದನ್ನು ಕಣ್ಣಾರೆ ಕಂಡಿದ್ದೇವೆ, ಹಾಗಾಗಿ ಈ ದಂಡ ನನಗೆ ಜಾಸ್ತಿ ಅನ್ನಿಸಿಲ್ಲ. ಮಳೆಗಾಲದಲ್ಲಿ ಭಾರಿ ಲಾರಿ ನಿಷೇಧಿಸಿ ಜಿಲ್ಲಾಧಿಕಾರಿ ಆದೇಶ ಹೊರಡಿಸುವುದುಂಟು, ಹೊರಡುವ ಮೊದಲು ವಿಚಾರಿಸಿ.

ಲಾರಿಯಲ್ಲಿ ಕೋವಿ ಇದ್ದರೆ ಏನು ಎಂದೂ ನೀವು ಕೇಳಬಹುದು. ವಿನಾಯಿತಿ ಉಳ್ಳವರು ಜಿಲ್ಲೆಯ ಹೊರಗೆ ಒಯ್ಯುವುದಕ್ಕೂ ಮಿತಿ ಉಂಟು: ಒಂದು ರೈಫಲ್ ಮತ್ತು 100 ಗುಂಡು, ಒಂದು ಸಾದಾ ನಳಿಗೆಯ ಕೋವಿ ಮತ್ತು 500 ತೋಟಾ. ನಮ್ಮಂಥವರಿಗೆ ಲೈಸೆನ್ಸಿನಲ್ಲಿ ಬರೆದ ವ್ಯಾಪ್ತಿಯೇ ಗಡಿ. ಅಣ್ಣನ ಕೋವಿ ತೋಟ ಬಿಟ್ಟು ಲಾರಿ ಹತ್ತಿದ್ದೇ ಇಲ್ಲ. ನೀವು ಸೆಪ್ಟೆಂಬರ್ ಮೊದಲ ವಾರ ಬರುವುದಾದರೆ ದಾರಿಯಲ್ಲಿ ಕೋವಿ ಹೆಗಲಿಗೇರಿಸಿ ಕುಪ್ಯ, ಅಂದರೆ ಕೊಡವರ ಉದ್ದನೆಯ ನಿಲುವಂಗಿ, ತೊಟ್ಟವರು ಕಾಣಬಹುದು. ಗಾಬರಿಯಾಗಬೇಡಿ. ತೆಂಗಿನಕಾಯಿಗೆ ಗುರಿಯಿಡುವ ಪಂದ್ಯಕ್ಕೆ ಹೊರಟಿರುತ್ತಾರೆ. ಇ-ವೇ ಬಿಲ್ಲಿನಲ್ಲಿ ಲಾರಿ ನಂಬರ್ ಸರಿ ಇದೆಯಾ ಎಂದು ಮಾತ್ರ ವಿರಾಜಪೇಟೆಯಲ್ಲೇ ನೋಡಿಕೊಳ್ಳಿ. ಘಾಟಿ ಇಳಿಯಲು ಶುರುವಾದರೆ ಮೊಬೈಲಿಗೆ ಸಿಗ್ನಲ್ ಸಿಗುವುದು ಕಷ್ಟ.