ಕಾರಿನ ಲೆದರ್ ಸೀಟಿಗೆ ಮತ್ತೆ ಬಣ್ಣ ಹಾಕಿಸಿದರೆ ಎಲ್ಲಾ ಕಡೆ ಒಂದೇ ಥರ ಬರುತ್ತಾ?

ಬರುತ್ತದೆ. ಆದರೆ ಮಾಸಿದ ಜಾಗಕ್ಕೆ ಮಾತ್ರ ತೇಪೆ ಹಾಕಿದ ಹಾಗೆ ಬಳಿದರೆ ಬರಲ್ಲ. ಡ್ರೈವರ್ ಸೀಟಿನ ಅಂಚು ಸವೆದಿದ್ದರೆ, ಒಂದು ಹೊಲಿಗೆಯಿಂದ ಇನ್ನೊಂದು ಹೊಲಿಗೆಯವರೆಗೆ ಆ ಇಡೀ ತುಂಡಿಗೆ ಬಳಿಯಬೇಕು. ನಡುವೆ ನಿಲ್ಲಿಸಿದರೆ ಗೆರೆ ಎದ್ದು ಕಾಣುತ್ತದೆ.

ಎಷ್ಟೋ ಕಾರುಗಳಲ್ಲಿ ಕೂರುವ ಭಾಗ ಮಾತ್ರ ಚರ್ಮ, ಪಕ್ಕ ಮತ್ತು ಹಿಂಬದಿ ರೆಕ್ಸಿನ್, ಅಂದರೆ ವಿನೈಲ್. ಎರಡರ ಮೇಲೂ ಬಣ್ಣ ಒಂದೇ ರೀತಿ ಹಿಡಿಯಲ್ಲ. ವಿನೈಲ್‌ಗೂ ಆಗುತ್ತದೆ ಅಂತ ಡಬ್ಬದ ಮೇಲೆ ಬರೆದಿದೆಯಾ ನೋಡಿಕೊಳ್ಳಿ.

ಅಸಲಿ ಕೆಲಸ ಇರುವುದು ಸ್ವಚ್ಛ ಮಾಡುವುದರಲ್ಲಿ. ಹಳೇ ಪಾಲಿಶ್‌ನ ಸಿಲಿಕೋನ್, ಮೈಯ ಜಿಡ್ಡು ಉಳಿದರೆ ಬಣ್ಣ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಲೆದರ್ ಕ್ಲೀನರ್ ಹಾಕಿ ಬ್ರಷ್‌ನಿಂದ ಉಜ್ಜಿ, 800 ಗ್ರಿಟ್ ಎಮರಿ ಪೇಪರ್ ಹಗುರವಾಗಿ ಆಡಿಸಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಹೊಲಿಗೆಯ ಸಂದಿ ಮರೆಯಬೇಡಿ, ಕೊಳೆ ಕೂರುವುದೇ ಅಲ್ಲಿ.

ಶೇಡ್ ಆರಿಸುವುದು ಇನ್ನೊಂದು ತಲೆನೋವು. ಹೆಡ್‌ರೆಸ್ಟ್ ಅಡಿಯಲ್ಲಿ ಬಿಸಿಲು ಬೀಳದ ಕಡೆ ಕಂಪನಿಯ ಮೂಲ ಬಣ್ಣ ಸಿಗುತ್ತದೆ. ಎಲ್ಲಾ ಸೀಟಿಗೂ ಬಳಿಯುವುದಾದರೆ ಅದನ್ನೇ ಹಿಡಿಯಿರಿ. ಒಂದೇ ಸೀಟಿಗಾದರೆ ಪಕ್ಕದ ಸೀಟು ಈಗ ಹೇಗಿದೆಯೋ ಆ ಬಣ್ಣಕ್ಕೆ ಹೊಂದಿಸುವುದೇ ಜಾಣತನ, ಅಲ್ವಾ? ಹಸಿ ಇದ್ದಾಗ ಕಂಡ ಬಣ್ಣವನ್ನು ನಂಬಬೇಡಿ. ಮರೆಯಲ್ಲಿರುವ ಮೂಲೆಗೆ ಹಚ್ಚಿ, ಒಣಗಿದ ಮೇಲೆ ಹಗಲು ಬೆಳಕಲ್ಲಿ ನೋಡಿ. ಎರಡು ಬಾಟಲಿ ಬೇಕಾದರೆ ಮೊದಲೇ ಒಟ್ಟಿಗೆ ಬೆರೆಸಿಡಿ.

ಒಂದೇ ಸಲ ದಪ್ಪಗೆ ಬಳಿಯದೆ, ಸ್ಪಂಜಿನಲ್ಲಿ ಮೂರು ನಾಲ್ಕು ತೆಳು ಕೋಟ್ ಹಾಕಿ. ಪ್ರತಿ ಕೋಟ್ ಒಣಗಲಿ. ಮೇಲೆ ಮ್ಯಾಟ್ ಟಾಪ್‌ಕೋಟ್ (ಬಣ್ಣ ಕಾಯುವ, ಹೊಳಪಿಲ್ಲದ ಪಾರದರ್ಶಕ ಪದರ) ಬೇಕೇ ಬೇಕು, ಇಲ್ಲದಿದ್ದರೆ ಬಣ್ಣ ಪ್ಯಾಂಟಿಗೆ ಅಂಟುತ್ತದೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ದರೆ ಅದು ಬಿಚ್ಚಿಕೊಳ್ಳುವ ಹೊಲಿಗೆಯ ಮೇಲೆ ಬಣ್ಣ ದಪ್ಪಗೆ ಕೂರಬಾರದು.